ದಿಂಡಿನ ಮೇಲಿನ ಕಪ್ಪು

ಅಲ್ಟೊ ಪಲ್ಮೀರಾ
19 ಏಪ್ರಿಲ್ 2004

ಎಡ್ಲಾ,

ಈ ಪತ್ರ ಮೊಟ್ಟೆ ಲಾರಿಯಲ್ಲಿ ಬರುತ್ತಿದೆ. ಜೊತೆಗೆ ಎರಡು ಟ್ರೇ ಮೊಟ್ಟೆ, ಬಾಳೆಲೆಯ ಮೇಲೆ ಬೇಯಿಸಿದ ಒಂದು ಮೆಕ್ಕೆಜೋಳದ ಬ್ರೋಟೆ ರೊಟ್ಟಿ ಇದೆ. ಬ್ರೋಟೆ ಸಿಗದಿದ್ದರೆ ಡ್ರೈವರನ ಹೊಟ್ಟೆಯಲ್ಲಿ ಹುಡುಕು. ಪಾಸ್ಟರ್ ಮನೆಯಲ್ಲಿ ಫೋನು ಇದೆಯಲ್ಲ, ಅಲ್ಲಿಂದ ಮಾತಾಡು ಎಂದು ನೀನು ಹೇಳಿದೆ. ಆ ಫೋನಿನಲ್ಲಿ ಒಂದು ಮಾತಾಡಿದರೆ ಭಾನುವಾರದ ಪ್ರಾರ್ಥನೆಗೆ ಮುಂಚೆ ಇಡೀ ಕಣಿವೆಗೆ ಗೊತ್ತಾಗಿರುತ್ತದೆ. ಅದಕ್ಕಿಂತ ಕಾಗದವೇ ಮೇಲು.

ಶನಿವಾರ ಚರ್ಚಿನ ಹಾಲಿನಲ್ಲಿ ನಿನ್ನನ್ನು ಬಿಳಿ ಕೋಟಿನಲ್ಲಿ ನೋಡಿ ನಗು ತಡೆದುಕೊಳ್ಳುವುದೇ ಕಷ್ಟವಾಯಿತು. ನನ್ನ ಜೊತೆ ಕೋಳಿಗೂಡು ಗುಡಿಸುತ್ತಿದ್ದವಳು ನೀನು. ಆದರೆ ನಗುವ ಹೊತ್ತಾಗಿರಲಿಲ್ಲ. ಆ ಜನರನ್ನು ಅಲ್ಲಿಗೆ ಕರೆತರಲು ನಾನು ಪಟ್ಟ ಪಾಡು ನಿನಗೇನು ಗೊತ್ತು. ವಿಟೋರಿಯಾದಿಂದ ಡಾಕ್ಟರರು ಬಂದು ಚರ್ಮ ನೋಡುತ್ತಾರೆ ಎಂದರೆ ಒಬ್ಬೊಬ್ಬರೂ ಒಂದೊಂದು ನೆಪ ಹೇಳಿದರು. "ಬಿಳಿ ಚರ್ಮ ಬಿಸಿಲಿಗೆ ಸುಟ್ಟಿದ್ದಕ್ಕೆ ಡಾಕ್ಟರ್ ಯಾಕೆ, ಟೋಪಿ ಸಾಕು" ಎಂದರು. "ನಮ್ಮಪ್ಪನಿಗೂ ಮೂಗಿನ ಮೇಲೆ ಹೀಗೇ ಇತ್ತು" ಎಂದರು. ಆ ಅಪ್ಪ ಮೂಗೇ ಇಲ್ಲದೆ ಮಣ್ಣಿಗೆ ಹೋದದ್ದನ್ನು ಮಾತ್ರ ಹೇಳಲಿಲ್ಲ. ಕೊನೆಗೆ ನಾನು ಮನೆಮನೆಗೂ ಹೋಗಿ "ಬರೋದು ಪೊಟ್ರಾಟ್ಸರ ಮನೆ ಎಡ್ಲಾ ಕಣ್ರೀ, ನಮ್ಮ ಮಾತೇ ಆಡ್ತಾಳೆ, ನಿಮ್ಮನ್ನ ತಿಂದುಹಾಕಲ್ಲ" ಎಂದ ಮೇಲೆ ಹೊರಟರು.

ಟಾಬರ್ಟ್ ಅಜ್ಜಿ ಇನ್ನೂ ಅದೇ ಕಥೆ ಹೇಳುತ್ತಿದ್ದಾಳೆ. ನೀನು ಅವಳ ಮೂಗಿನ ಮೇಲೆ ಎಣ್ಣೆ ಸವರಿ, ದೀಪದ ಭೂತಗನ್ನಡಿ ಒತ್ತಿ ಹಿಡಿದು, ಉಸಿರು ಬಿಗಿಹಿಡಿದು ನೋಡಿದೆಯಂತೆ. "ಅಜ್ಜಿ, ಒಳಗೆ ರಕ್ತನಾಳ ಮರದ ಕೊಂಬೆ ತರ ಕವಲೊಡೆದಿದೆ. ಕೊಯ್ಯಿಸ್ಬೇಕು" ಎಂದೆಯಂತೆ. "ಮಂತ್ರ ಹಾಕಿಸಿದ್ರೆ ಹೋಗಲ್ವಾ" ಎಂದು ಅವಳು ಕೇಳಿದ್ದಕ್ಕೆ "ಕೊಯ್ಸಿದ ಮೇಲೆ ಮಂತ್ರಾನೂ ಹಾಕಿಸ್ಕೊಳ್ಳಿ" ಎಂದೆಯಂತೆ. ಆ ಒಂದು ಮಾತಿಗೆ ಅಜ್ಜಿ ಒಪ್ಪಿಬಿಟ್ಟಳು. ಬೇರೆ ಯಾವ ಡಾಕ್ಟರ್ ಹೇಳಿದ್ದರೂ ಒಪ್ಪುತ್ತಿರಲಿಲ್ಲ.

ನನ್ನ ಕಾಲಿನ ವಿಚಾರಕ್ಕೆ ಬರುತ್ತೇನೆ. ನಿಮ್ಮ ದೊಡ್ಡ ಡಾಕ್ಟರ್, ಆ ಮೀಸೆಯವರು, ನನ್ನ ಅಂಗಾಲಿನ ಕಪ್ಪು ನೋಡಿ ಮುಖ ಗಂಟಿಕ್ಕಿದರು. ಇವತ್ತೇ ಒಂದು ಚೂರು ಕೊಯ್ದು ಕಳಿಸೋಣ ಎಂದು ಅವರು ಹೇಳಿದ್ದು ನನಗೂ ಅರ್ಥವಾಯಿತು. ಮರಿಲ್ಸಾಳ ಮದುವೆ ಮುಂದಿನ ತಿಂಗಳು. ಮದುಮಗಳ ತಾಯಿ ಮೂರು ದಿನ ಕುಂಟುತ್ತಾ ಕುಣಿಯುವುದೇ? ನೀನು ಬಂದು ನೋಡಿ ನಕ್ಕುಬಿಟ್ಟೆ. "ಇದು ಬಾನಿ ಕಲೆ, ನಮ್ಮೂರ ಹೆಂಗಸರೆಲ್ಲರ ಕಾಲೂ ಈ ಸಮಯಕ್ಕೆ ಹಿಂಗೇ ಇರತ್ತೆ" ಎಂದೆ. ನನಗೆ ಹೋದ ಜೀವ ಬಂತು. ಒಡೆದ ಹಿಮ್ಮಡಿಗೆ ತೊಗಟೆ ನೀರಿನ ಬಾನಿಯಲ್ಲಿ ಕಾಲಿಟ್ಟು ಕೂತರೆ ಕಾಲು ಕಪ್ಪಾಗುತ್ತದೆ ಎಂದು ವಿಟೋರಿಯಾದವರಿಗೆ ಹೇಗೆ ಗೊತ್ತಾಗಬೇಕು. ಒಂದೇ ಬಾನಿಯಲ್ಲಿ ನಾವಿಬ್ಬರೂ ಕಾಲಿಟ್ಟು ಜಗಳವಾಡುತ್ತಿದ್ದೆವು, ನೆನಪಿದೆಯಾ?

ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಎಂದು ರೈನೋಲ್ದೊ ನಗುತ್ತಾನೆ. ಅಂಗಾಲಿಗೆ ಬೇಕಾಯಿತಲ್ಲ ಎಂದೆ. ಗಂಡನಾದವನು ಹೆಂಡತಿಯ ಕಾಲು ನೋಡಿದ್ದರೆ ತಾನೆ.

ಮದುವೆಗೆ ಬಾ. ನೆಪ ಹೇಳಬೇಡ.

ನಿನ್ನ
ಅಲ್ವೀನಾ


ವಿಟೋರಿಯಾ
5 ಮೇ 2004

ಪ್ರೀತಿಯ ಅಲ್ವೀನಾ,

ಬ್ರೋಟೆ ಇಡಿಯಾಗಿಯೇ ಬಂತು. ಆಸ್ಪತ್ರೆಯಲ್ಲಿ ಯಾರಿಗೂ ಕೊಡದೆ ಎರಡು ದಿನ ತಿಂದೆ.

ಎಷ್ಟೋ ವರ್ಷ ಊರಿನ ಕಡೆ ತಲೆ ಹಾಕದವಳು ಡಾಕ್ಟರರ ವ್ಯಾನಿನಲ್ಲಿ ಬಂದಿಳಿದೆ. ಯಾರು ಮಾತಾಡಿಸುತ್ತಾರೋ ಇಲ್ಲವೋ ಎಂಬ ಅಳುಕಿತ್ತು. ನೀನು ಅಷ್ಟು ಜನರನ್ನು ಸಾಲಾಗಿ ಕೂರಿಸಿದ್ದನ್ನು ನೋಡಿ, ಅತ್ತುಬಿಡುತ್ತೇನೆಂದು ತಲೆ ಬಗ್ಗಿಸಿ ಕೆಲಸಕ್ಕೆ ಇಳಿದೆ. ಅದಕ್ಕೇ ನಿನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ, ಸಿಟ್ಟಲ್ಲ.

ಆ ಭೂತಗನ್ನಡಿಯಲ್ಲಿ ಏನು ಕಾಣುತ್ತದೆ ಎಂದು ನೀನು ಅವತ್ತು ಕೇಳಿದೆ. ಅದರ ಹೆಸರು ಡರ್ಮೊಸ್ಕೋಪ್. ಬರಿಗಣ್ಣಿಗೆ ಚರ್ಮ ಮುಚ್ಚಿದ ಬಾಗಿಲು. ಎಣ್ಣೆ ಸವರಿ ಬೆಳಕು ಬಿಟ್ಟು ನೋಡಿದರೆ ಬಾಗಿಲು ಸ್ವಲ್ಪ ತೆರೆಯುತ್ತದೆ, ಒಳಗಿನ ಬಣ್ಣ, ಬಲೆ, ನಾಳ ಎಲ್ಲ ಕಾಣುತ್ತದೆ. ಅಂಗಾಲಿನದು ಬೇರೆಯೇ ಲೆಕ್ಕ. ಅಂಗಾಲು ಉತ್ತ ಹೊಲದ ಹಾಗೆ. ತಗ್ಗಿನ ಸಾಲು, ಎರಡು ಸಾಲುಗಳ ನಡುವೆ ಎದ್ದು ನಿಂತ ದಿಂಡು. ಕಪ್ಪು ಬಣ್ಣ ಸಾಲಿನಲ್ಲಿ ನಿಂತಿದ್ದರೆ ಅದು ಬರೀ ಮಚ್ಚೆ, ಚಿಂತೆಯಿಲ್ಲ. ದಿಂಡಿನ ಮೇಲೆ ಕೂತಿದ್ದರೆ ಕ್ಯಾನ್ಸರ್ ಇರಬಹುದು, ಕೊಯ್ದು ನೋಡಲೇಬೇಕು. ಇದನ್ನು ನಾವು ಮೊದಲ ವರ್ಷದವರಿಗೆ ಬಾಯಿಪಾಠ ಮಾಡಿಸುತ್ತೇವೆ.

ನಿನ್ನ ಕಾಲಿನಲ್ಲಿ ಕಪ್ಪು ದಿಂಡಿನ ಮೇಲೇ ಇತ್ತು. ಅದಕ್ಕೇ ಆ ಮೀಸೆಯ ಡಾಕ್ಟರ್ ಎವರಿಸ್ತೊ ಗಾಬರಿಯಾದದ್ದು. ಆದರೆ ಹೊರಗಿನಿಂದ ಹತ್ತಿದ ಬಣ್ಣವೂ ದಿಂಡಿನ ಮೇಲೇ ಕೂರುತ್ತದೆ. ಅವರಿಗೆ ನಮ್ಮ ಬಾನಿ ಗೊತ್ತಿಲ್ಲ. ವ್ಯಾನಿನಲ್ಲಿ ವಾಪಸು ಬರುವಾಗ ನಾನು ತೊಗಟೆ ನೀರಿನ ಕಥೆ ಹೇಳಿದೆ. ಅವರು "ಈ ಊರಿಗೆ ನೀವಿಲ್ಲದೆ ಬಂದಿದ್ದರೆ ಎಷ್ಟು ಕಾಲು ಸುಮ್ಮನೆ ಕೊಯ್ಯುತ್ತಿದ್ದೆವೋ" ಎಂದರು. ನನಗೆ ಎಷ್ಟು ಹೆಮ್ಮೆಯಾಯಿತು ಎಂದು ಹೇಳಲಾರೆ. ಈ ಪಟ್ಟಣದವರ ನಡುವೆ ನನ್ನ ಹಳ್ಳಿಯ ಹುಟ್ಟು ನನ್ನ ಕೈ ಹಿಡಿದದ್ದು ಅದೇ ಮೊದಲು.

ಮದುವೆ ಮುಗಿದ ಮೇಲೆ ಕಲ್ಲಿನಿಂದ ಉಜ್ಜು, ಹೋಗುತ್ತದೆ. ಮದುವೆಗೆ ಬರಲು ರಜೆ ಕೇಳಿದ್ದೇನೆ.

ನಿನ್ನ
ಎಡ್ಲಾ


ಅಲ್ಟೊ ಪಲ್ಮೀರಾ
13 ಜೂನ್ 2004

ಎಡ್ಲಾ,

ರಜೆ ಸಿಗಲಿಲ್ಲ ಎಂದು ಹೇಳಿ ಕಳಿಸಿದೆ. ನಂಬಿದ್ದೇನೆ. ನಂಬದೆ ಏನು ಮಾಡಲಿ.

ಮದುವೆ ಚೆನ್ನಾಗಿ ಆಯಿತು. ಶುಕ್ರವಾರ ಸಂಜೆ ಬಸಿ ಒಡೆಯುವ ಶಾಸ್ತ್ರಕ್ಕೆ ಕಣಿವೆಯಲ್ಲಿದ್ದ ಬಿರುಕುಬಿಟ್ಟ ಪಿಂಗಾಣಿಯೆಲ್ಲ ನಮ್ಮ ಅಂಗಳಕ್ಕೆ ಬಂತು. ಟಾಬರ್ಟ್ ಅಜ್ಜಿ ಮೂಗಿಗೆ ಪಟ್ಟಿ ಹಾಕಿಕೊಂಡೇ ಪದ ಹೇಳಿ ಹೇಳಿ ಒಡೆದಳು. ಕೊಯ್ಸಿಕೊಂಡದ್ದಕ್ಕೆ ಎಲ್ಲರಿಗೂ ಮೂಗು ತೋರಿಸುತ್ತಿದ್ದಾಳೆ, ಮದುಮಗಳಿಗಿಂತ ಅವಳನ್ನು ನೋಡಿದವರೇ ಹೆಚ್ಚು. ಒಡೆದ ಚೂರುಗಳ ಮೇಲೆ ನಾನೂ ರೈನೋಲ್ದೊನೂ ಕುಣಿದೆವು. ಕಾನ್ಸರ್ಟಿನಾ ನುಡಿಸುವವನಿಗೆ ಸುಸ್ತಾಯಿತು, ನಮಗಾಗಲಿಲ್ಲ. ಮೂರನೆಯ ದಿನ ಬೂಟು ಕಳಚಿದಾಗ ಕಾಲುಚೀಲಕ್ಕೆ ರಕ್ತ ಹತ್ತಿತ್ತು. ಬಸಿ ಚೂರು ಚುಚ್ಚಿರಬೇಕು. ಚೂರು ಚುಚ್ಚಿದರೆ ಮಗಳ ಸಂಸಾರಕ್ಕೆ ಒಳ್ಳೆಯದು ಎಂದು ನನ್ನ ಅತ್ತೆ ಹೇಳುತ್ತಿದ್ದಳು.

ಮರಿಲ್ಸಾ ಗಂಡನ ಮನೆಗೆ ಹೋದಳು. ಎರಡು ಬೆಟ್ಟ ದಾಟಿದರೆ ಸಿಗುತ್ತಾಳೆ, ಆದರೂ ಮನೆ ಬಿಕೋ ಎನ್ನುತ್ತಿದೆ.

ನೀನು ಹೇಳಿದ ಹಾಗೆ ಕಲ್ಲಿನಿಂದ ಉಜ್ಜಿದೆ. ಉಳಿದ ಕಡೆಯೆಲ್ಲ ಹೋಯಿತು, ಆ ಒಂದು ಕಡೆ ಹೋಗಲಿಲ್ಲ. ಮೊಂಡುತನದಲ್ಲಿ ನನ್ನನ್ನೇ ಹೋಲುತ್ತದೆ.

ನಿನ್ನ
ಅಲ್ವೀನಾ


ವಿಟೋರಿಯಾ
20 ಜುಲೈ 2004

ಪ್ರೀತಿಯ ಅಲ್ವೀನಾ,

ನಾಳೆ ಸಾವೊ ಪೌಲೊಗೆ ಹೊರಟಿದ್ದೇನೆ, ಈ ವರ್ಷವೆಲ್ಲ ಅಲ್ಲಿ ಓದು, ಪರೀಕ್ಷೆ. ನವೆಂಬರಿನಲ್ಲಿ ತಂಡ ನಿಮ್ಮಲ್ಲಿಗೆ ಬರುತ್ತದೆ, ನಾನಿರುವುದಿಲ್ಲ. ಜನರನ್ನು ಕರೆತರುವ ಜವಾಬ್ದಾರಿ ನಿನ್ನದೇ. ಕಲೆ ಹೋಗದಿದ್ದರೆ ಇನ್ನೂ ಉಜ್ಜು, ನಿನ್ನ ಹಿಮ್ಮಡಿ ಬಂಡೆಯಂಥದ್ದು.

ಅವಸರದಲ್ಲಿ,
ಎಡ್ಲಾ


ಅಲ್ಟೊ ಪಲ್ಮೀರಾ
27 ಫೆಬ್ರವರಿ 2005

ಎಡ್ಲಾ,

ಇದನ್ನು ಕೂತು ಓದು. ಓದುತ್ತಾ ಓಡಾಡಬೇಡ, ನಿನಗೆ ಆ ಚಾಳಿಯಿದೆ.

ನನ್ನ ಅಂಗಾಲು ಕೊಯ್ದಿದ್ದಾರೆ. ಬೆಟ್ಟದ ಕೆಳಗಿನ ಆಸ್ಪತ್ರೆಯಲ್ಲಿ. ಡಿಸೆಂಬರಿನಿಂದ ಆ ಕಲೆಯ ನಡುವೆ ಹುಣ್ಣಾಗಿ ಬೂಟಿನೊಳಗೆ ರಕ್ತ ಬರುತ್ತಿತ್ತು. ತೊಡೆಯ ಸಂದಿನಲ್ಲಿ ಗಂಟು ಸಿಕ್ಕಿತು. ರೈನೋಲ್ದೊ ನನ್ನ ಮಾತು ಕೇಳದೆ ಎತ್ತಿ ಲಾರಿಯಲ್ಲಿ ಕೂರಿಸಿದ. ಪರೀಕ್ಷೆಗೆ ಕಳಿಸಿದ್ದು ಬಂದಿದೆ. ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಎಂದರು. ಗಂಟಿಗೂ ಹೋಗಿದೆ, ಪುಪ್ಪುಸದಲ್ಲೂ ಏನೋ ಕಾಣುತ್ತದಂತೆ. ಮುಂದಿನದನ್ನು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

ಅಲ್ಲಿನ ಡಾಕ್ಟರ್ ಚಿಕ್ಕ ಹುಡುಗ. ಕೊಯ್ಯುವ ಮುಂಚೆ ನಿನ್ನದರಂಥದ್ದೇ ಭೂತಗನ್ನಡಿ ಒತ್ತಿ ನೋಡಿ, ಕ್ಯಾಮೆರಾದಲ್ಲಿ ತೆಗೆದು ನನಗೂ ತೋರಿಸಿದ. "ನೋಡಿ ಅಮ್ಮಾ, ಕಪ್ಪೆಲ್ಲಾ ದಿಂಡಿನ ಮೇಲಿದೆ" ಎಂದ. ನೀನು ಹೊಲ ಉಳುವ ಪಾಠ ಬರೆದಿದ್ದೆಯಲ್ಲ, ಅದು ತಕ್ಷಣ ನೆನಪಾಯಿತು. ಅಲ್ಲಿಯೇ ಎಲ್ಲ ತಿಳಿಯಿತು ನನಗೆ.

"ಇದನ್ನ ಮೊದಲು ಯಾರಿಗೂ ತೋರಿಸಿರಲಿಲ್ವಾ" ಎಂದು ಕೇಳಿದ. ರೈನೋಲ್ದೊ ಪಕ್ಕದಲ್ಲೇ ನಿಂತಿದ್ದ. ಕೋಳಿಗೂಡಿನ ಬಾಗಿಲು ಹಾಕಿದಷ್ಟು ಸಲೀಸಾಗಿ ಸುಳ್ಳು ಹೇಳಿದೆ. "ತೋರಿಸಿದ್ದೆ. ಎಡ್ಲಾ ಡಾಕ್ಟರು ಕೊಯ್ಸಲೇಬೇಕು ಅಂದಿದ್ರು. ಮಗಳ ಮದುವೆ ಇತ್ತು, ನಾನೇ ಬೇಡ ಅಂದೆ. ಮನೇಲಿ ಕಲೆ ಅಂತ ಹೇಳಿದ್ದೆ" ಎಂದೆ. ಆ ಹುಡುಗ ಪೆನ್ನು ಮೇಜಿನ ಮೇಲೆ ಬಿಸಾಡಿದ. ರೈನೋಲ್ದೊ ಟೋಪಿ ತೆಗೆದುಕೊಂಡು ಹೊರಗೆ ಹೋದ.

ಊರಿಗೂ ಅದನ್ನೇ ಹೇಳಿದ್ದೇನೆ. ಇನ್ನು ಮೇಲೆ ನೀನೂ ಅದನ್ನೇ ಹೇಳುತ್ತೀ.

ಯಾಕೆ ಎಂದು ಕೇಳುತ್ತೀ. ನವೆಂಬರಿನಲ್ಲಿ ತಂಡ ಬಂದಾಗ ಹಾಲ್ ತುಂಬಿತ್ತು. ಟಾಬರ್ಟ್ ಅಜ್ಜಿಯ ಮೂಗು ನೋಡಿ ಅಷ್ಟು ಜನ ಬಂದರು. ನಾನು ಬಾಗಿಲಲ್ಲಿ ನಿಂತು ಹೆಸರು ಕೂಗಿದೆ, ಕಾಲು ತೋರಿಸಲಿಲ್ಲ. ನೀನು ನೋಡಿದ ಮೇಲೆ ಇನ್ಯಾರಿಗೆ ತೋರಿಸುವುದು. ಅವತ್ತು ಆರೇಳು ಜನರದು ಕೆಟ್ಟದ್ದೆಂದು ಗೊತ್ತಾಗಿ ಕೊಯ್ಸಿಕೊಂಡು ಬಂದರು. ಈಗ ಪೊಟ್ರಾಟ್ಸರ ಮಗಳ ಕನ್ನಡಿ ಅಲ್ವೀನಾಳ ಕಾಲಿನಲ್ಲಿ ಕುರುಡಾಯಿತು ಎಂದು ಗೊತ್ತಾದರೆ ಒಬ್ಬನೂ ಬರುವುದಿಲ್ಲ. ಮತ್ತೆ ಟೋಪಿ, ಮತ್ತೆ ಮಂತ್ರ. ನಮ್ಮ ಬಿಳಿ ಚರ್ಮ, ಈ ಬೆಟ್ಟದ ಬಿಸಿಲು, ಎರಡೂ ಎಲ್ಲಿಗೂ ಹೋಗುವುದಿಲ್ಲ. ನಾನಂತೂ ಹೋಗುತ್ತೇನೆ. ಮೊಂಡಿ ಎಂಬ ಹೆಸರು ನನಗೆ ಮೊದಲಿಂದಲೂ ಇದೆ, ಇನ್ನೊಂದು ಸಲ ಅನ್ನಿಸಿಕೊಂಡರೆ ಏನು ನಷ್ಟ.

ಜೋಲು ಮುಖ ಹಾಕಿಕೊಂಡು ಇಲ್ಲಿಗೆ ಬರಬೇಡ.

ಅಲ್ವೀನಾ


ವಿಟೋರಿಯಾ
15 ಮಾರ್ಚ್ 2005

ಅಲ್ವೀನಾ,

ಈ ಪತ್ರ ಎಷ್ಟು ಸಲ ಬರೆದು ಹರಿದೆನೋ ಗೊತ್ತಿಲ್ಲ.

ಅವತ್ತು ಹಾಲಿನಲ್ಲಿ ತೆಗೆದ ನಿನ್ನ ಅಂಗಾಲಿನ ಚಿತ್ರ ಇಲ್ಲಿ ಕಂಪ್ಯೂಟರಿನಲ್ಲಿದೆ. ಅದನ್ನು ತೆಗೆದು ನೋಡಿದೆ. ಬಾನಿ ಕಲೆ ಎಲ್ಲ ಕಡೆ ಒಂದೇ ಸಮ ತೆಳ್ಳಗಿದೆ. ಆ ಒಂದು ಜಾಗದಲ್ಲಿ ಮಾತ್ರ ಅದರ ಅಡಿಯಲ್ಲಿ ಬೇರೊಂದು ಕಪ್ಪಿದೆ, ಅಂಚು ಒರಟು, ಬಣ್ಣ ಒಂದೇ ಸಮವಿಲ್ಲ. ಈಗ ಕಾಣುತ್ತದೆ. ಅವತ್ತೂ ಕಾಣುತ್ತಿತ್ತು. ಒಂದು ಹನಿ ಸ್ಪಿರಿಟ್ ಹಾಕಿ ಒರೆಸಿದ್ದರೆ, ಬ್ಲೇಡಿನಿಂದ ಮೇಲಿನ ಪದರ ಹೆರೆದಿದ್ದರೆ ಸಾಕಿತ್ತು. ಯಾರೋ ಗೊತ್ತಿಲ್ಲದ ಹೆಂಗಸಿನ ಕಾಲಾಗಿದ್ದರೆ ಹಾಗೇ ಮಾಡುತ್ತಿದ್ದೆ. ನಿನ್ನ ಕಾಲು ನೋಡಿದ ಕೂಡಲೇ ನನಗೆ ಬಾನಿ ಕಂಡಿತು, ಬಾನಿಯಲ್ಲಿ ನಾವಿಬ್ಬರು ಕಂಡೆವು, ಕಾಲು ಕಾಣಲಿಲ್ಲ.

ಎವರಿಸ್ತೊ ಅವರಿಗೆ ಹೇಳಿದ್ದೇನೆ. ಅವರು ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಾನೂ ನಿಮ್ಮ ಮಾತು ಕೇಳಿ ಚಾಕು ಕೆಳಗಿಟ್ಟೆ" ಎಂದಷ್ಟೇ ಹೇಳಿದರು.

ನೀನು ಹೇಳಿದ ಸುಳ್ಳನ್ನು ನಾನು ಹೇಳಲಾರೆ. ನೀನು ಮೊಂಡುತನ ಮಾಡಲಿಲ್ಲ. ಉಜ್ಜು ಎಂದು ನಾನು ಹೇಳಿದೆ, ನೀನು ಉಜ್ಜಿದೆ. ಹೋಗಲಿಲ್ಲ ಎಂದು ಬರೆದೆ, ಅದನ್ನೂ ನಾನು ನಗೆಯಾಡಿ ಕಳೆದೆ. ಆ ಹಾಲಿನಲ್ಲಿ ಜನ ನಿನ್ನನ್ನು ಮೊಂಡಿ ಎನ್ನುವಾಗ ನಾನು ಕನ್ನಡಿ ಹಿಡಿದು ಹೇಗೆ ಕೂರಲಿ?

ಇಲ್ಲಿಗೆ ಬಂದುಬಿಡು. ದೊಡ್ಡ ಆಸ್ಪತ್ರೆಯಲ್ಲಿ ಮಾಡುವುದು ಇನ್ನೂ ಇದೆ. ಹೆಚ್ಚಿಲ್ಲ, ಸ್ವಲ್ಪ ಇದೆ. ನನ್ನ ಮನೆಯಲ್ಲಿರು. ಬೇಡವೆಂದರೂ ನಾನು ಮುಂದಿನ ವಾರ ಬರುತ್ತೇನೆ.

ಎಡ್ಲಾ


ಅಲ್ಟೊ ಪಲ್ಮೀರಾ
8 ಮೇ 2005

ಎಡ್ಲಾ,

ನೀನು ಬಂದೆ, ಹಾಸಿಗೆ ಪಕ್ಕ ಕೂತೆ, ಬರೀ ಕೋಳಿಗಳ ವಿಷಯ ಮಾತಾಡಿ ಹೋದೆ. ರೈನೋಲ್ದೊ ಕಾಫಿ ತಂದುಕೊಟ್ಟಾಗ ನೀನು ಸತ್ಯ ಹೇಳಲು ಬಾಯಿ ತೆರೆದೆ, ನಾನು ಕಣ್ಣು ಬಿಟ್ಟು ಹೆದರಿಸಿದೆ, ನೀನು ಬಾಯಿ ಮುಚ್ಚಿಕೊಂಡೆ. ಒಳ್ಳೆಯ ಹುಡುಗಿ. ಚಿಕ್ಕಂದಿನಿಂದ ನನ್ನ ಕಣ್ಣಿಗೆ ಹೆದರುತ್ತಿದ್ದೆ, ಈಗಲೂ ಹೆದರುತ್ತೀ.

ವಿಟೋರಿಯಾಕ್ಕೆ ಬರುವುದಿಲ್ಲ. ಸಮುದ್ರದ ಗಾಳಿ ನನಗೆ ಆಗುವುದಿಲ್ಲ, ನಿನ್ನ ಅಡಿಗೆಯಂತೂ ಮೊದಲೇ ಆಗುವುದಿಲ್ಲ.

ನನಗೆ ನಿನ್ನ ಮೇಲೆ ಸಿಟ್ಟಿದೆಯೇ ಎಂದು ನೀನು ಕೇಳಲಿಲ್ಲ. ಕೇಳದೆಯೇ ಹೇಳುತ್ತೇನೆ. ಇದೆ. ಬೆಳಿಗ್ಗೆ ಎದ್ದಾಗ ಇರುತ್ತದೆ. ಮರಿಲ್ಸಾ ಬಸುರಿ, ಆ ಮಗುವನ್ನು ನಾನು ಎತ್ತಿಕೊಳ್ಳುವುದಿಲ್ಲ ಎಂದುಕೊಂಡಾಗ ನಿನ್ನ ಜುಟ್ಟು ಹಿಡಿದು ಆ ಬಾನಿಯಲ್ಲಿ ಅದ್ದಬೇಕು ಎನಿಸುತ್ತದೆ. ಮಧ್ಯಾಹ್ನದ ಹೊತ್ತಿಗೆ ಸುಸ್ತಾಗಿ ಸಿಟ್ಟು ಇಳಿಯುತ್ತದೆ. ಅಷ್ಟೇ. ಅದನ್ನು ಹೊಟ್ಟೆಗೆ ಹಾಕಿಕೊಂಡಿದ್ದೇನೆ.

ಆದರೆ ಆ ಸುಳ್ಳು ನನ್ನದು. ನಾನು ಬಿಟ್ಟುಹೋಗುವುದರಲ್ಲಿ ಅದೊಂದೇ ನಾಲ್ಕು ಜನಕ್ಕೆ ಉಪಯೋಗವಾಗುವಂಥದ್ದು. ಅದನ್ನು ಹಾಳು ಮಾಡಬೇಡ. ನಾನು ಹೋದ ಮೇಲೂ ಬಾಯಿ ಮುಚ್ಚಿಕೊಂಡಿರು.

ಇಷ್ಟೇ.

ಅಲ್ವೀನಾ


ಅಲ್ಟೊ ಪಲ್ಮೀರಾ
21 ಆಗಸ್ಟ್ 2005

ಎಡ್ಲಾ,

ನನಗೆ ಬರೆಯಲು ಬರುವುದಿಲ್ಲ. ಮನೆಯಲ್ಲಿ ಬರೆಯುತ್ತಿದ್ದವಳು ಅಲ್ವೀನಾ. ಅವಳನ್ನು ಮಣ್ಣು ಮಾಡಿ ಬಂದು ತಿಂಗಳು ಕಳೆಯಿತು. ನೀನು ಅವತ್ತು ಗುಂಡಿಯಿಂದ ದೂರ ಬೇಲಿಯ ಹತ್ತಿರ ನಿಂತಿದ್ದೆ. ಹತ್ತಿರ ಬರಲಿಲ್ಲ. ಯಾಕೆ ಎಂದು ನನಗೆ ಗೊತ್ತು ಎಂದುಕೊಂಡಿದ್ದೇನೆ. ನಿನಗೂ ಅವಳ ಮೇಲೆ ಸಿಟ್ಟಿರಬೇಕು.

ಹೋದ ಶನಿವಾರ ನಿಮ್ಮ ತಂಡ ಬಂದಿತ್ತು, ನೀನು ಬಂದಿರಲಿಲ್ಲ. ಸಾಲು ಚರ್ಚಿನ ಗೋಡೆ ದಾಟಿ ರಸ್ತೆಯವರೆಗೆ ಇತ್ತು. ಟಾಬರ್ಟ್ ಅಜ್ಜಿ ಮೆಟ್ಟಿಲ ಮೇಲೆ ಕೂತು ಎಲ್ಲರಿಗೂ "ಬೂಟು ಬಿಚ್ಚಿ, ಅಂಗಾಲೂ ತೋರ್ಸಿ, ಅಲ್ವೀನಾ ತರ ಮೊಂಡು ಮಾಡಿ ಸಾಯ್ಬೇಡಿ" ಎನ್ನುತ್ತಿದ್ದಳು. ನಾನು ಬೇಲಿ ರಿಪೇರಿ ಮಾಡುತ್ತಾ ಎಲ್ಲ ಕೇಳಿಸಿಕೊಂಡೆ. ನನ್ನ ಕಿವಿಯ ಮೇಲೂ ಒಂದು ಗಾಯ ಒಣಗುತ್ತಿಲ್ಲ. ನಾನು ಹೋಗಲಿಲ್ಲ.

ನಿನ್ನನ್ನು ಒಂದು ಮಾತು ಕೇಳಬೇಕು. ನೀನು ಅವಳಿಗೆ ಕೊಯ್ಸು ಎಂದು ಹೇಳಿದಾಗ ನನಗೆ ಯಾಕೆ ಹೇಳಲಿಲ್ಲ? ನಾನು ಅದೇ ಹಾಲಿನ ಹೊರಗೆ ನಿಂತಿದ್ದೆ. ಒಂದು ಮಾತು ಹೇಳಿದ್ದರೆ ಹಗ್ಗ ಹಾಕಿ ಕಟ್ಟಿಯಾದರೂ ಲಾರಿಯಲ್ಲಿ ಕೂರಿಸುತ್ತಿದ್ದೆ. ಮದುವೆ ಮುಂದಕ್ಕೆ ಹಾಕುತ್ತಿದ್ದೆ. ಒಡೆದ ಬಸಿಗಳ ಮೇಲೆ ಮೂರು ದಿನ ಕುಣಿಯುವುದಕ್ಕಾಗಿ ಅವಳು ನನ್ನನ್ನು ಬಿಟ್ಟು ಹೋದಳು. ನನಗೆ ಅದನ್ನು ಕ್ಷಮಿಸಲು ಆಗುತ್ತಿಲ್ಲ. ಸಮಾಧಿಗೆ ಒಂದು ಸಲವೂ ಹೋಗಿಲ್ಲ. ಕಲ್ಲಿಗೆ ಹೆಸರು ಕೆತ್ತಿಸಿಲ್ಲ. ಪಾಸ್ಟರ್ ಎರಡು ಸಲ ಕೇಳಿದರು.

ಮರಿಲ್ಸಾ ಮದುವೆಯ ಫೋಟೋವನ್ನು ಗೋಡೆಯಿಂದ ತೆಗೆದುಬಿಟ್ಟಿದ್ದಾಳೆ. "ನನ್ನ ಮದುವೆಗೋಸ್ಕರ ಅಮ್ಮ ಸತ್ಲು" ಎನ್ನುತ್ತಾಳೆ. ಹೊಟ್ಟೆಯಲ್ಲಿ ಮಗು ಇಟ್ಟುಕೊಂಡು ಊಟ ಬಿಡುತ್ತಾಳೆ. ಇಲ್ಲ ಎಂದು ಹೇಳೋಣವೆಂದರೆ ನನಗೂ ಹಾಗೇ ಅನ್ನಿಸುತ್ತದೆ.

ರೈನೋಲ್ದೊ ಬೋಲ್ಟ್


ವಿಟೋರಿಯಾ
25 ಆಗಸ್ಟ್ 2005

ರೈನೋಲ್ದೊ,

ಅಲ್ವೀನಾ ಎಲ್ಲ ಲೆಕ್ಕ ಹಾಕಿದ್ದಳು. ನಿನ್ನನ್ನು, ಮರಿಲ್ಸಾಳನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅದಕ್ಕೇ ಅವಳ ಮಾತು ಮೀರುತ್ತಿದ್ದೇನೆ.

ನಾನು ಅವಳಿಗೆ ಕೊಯ್ಸು ಎಂದು ಹೇಳಲಿಲ್ಲ. ಕೊಯ್ಯೋಣ ಎಂದವರು ಎವರಿಸ್ತೊ ಡಾಕ್ಟರ್. ಬೇಡ ಎಂದವಳು ನಾನು. ಭೂತಗನ್ನಡಿಯಲ್ಲಿ ನೋಡಿ, ಇದು ಬಾನಿ ಕಲೆ, ನಮ್ಮೂರು ನನಗೆ ಗೊತ್ತು ಎಂದು ಅವರಿಬ್ಬರೆದುರು ನಕ್ಕೆ. ಮದುವೆ ಅಡ್ಡ ಬರಲಿಲ್ಲ, ಮೊಂಡುತನ ಅಡ್ಡ ಬರಲಿಲ್ಲ. ಅವಳು ನಾನು ಹೇಳಿದ್ದನ್ನೆಲ್ಲ ಮಾಡಿದಳು. ಕಲೆ ಹೋಗುತ್ತಿಲ್ಲ ಎಂದೂ ಬರೆದಳು, ನಾನು ಇನ್ನೂ ಉಜ್ಜು ಎಂದು ಬರೆದೆ. ಆ ಏಪ್ರಿಲ್‌ನಲ್ಲಿ ಕೊಯ್ದಿದ್ದರೆ ಅವಳು ಬದುಕುತ್ತಿದ್ದಳೇ ಎಂದು ನೀನು ಕೇಳುತ್ತೀ. ಬಹುಶಃ ಬದುಕುತ್ತಿದ್ದಳು.

ಜನ ಶನಿವಾರ ಬರುವುದು ನಿಲ್ಲಬಾರದು ಎಂದು ಅವಳು ತಪ್ಪನ್ನು ತನ್ನ ತಲೆಗೆ ಕಟ್ಟಿಕೊಂಡಳು. ಅವಳ ಎರಡು ಪತ್ರಗಳನ್ನು ಇದರ ಜೊತೆ ಇಟ್ಟಿದ್ದೇನೆ, ಓದಿ ನೋಡು. ನಾನು ಸುಮ್ಮನಿದ್ದೆ. ಅವಳ ಮಾತು ಉಳಿಸುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಬೇಲಿಯ ಹತ್ತಿರ ನಿಂತದ್ದು ಸಿಟ್ಟಿನಿಂದಲ್ಲ. ಹತ್ತಿರ ಬರುವ ಮುಖ ಇರಲಿಲ್ಲ.

ಮುಂದಿನ ಸಲ ನಾನು ತಂಡದ ಜೊತೆ ಬರುತ್ತೇನೆ. ಹಾಲಿನಲ್ಲಿ ಎದ್ದು ನಿಂತು ಎಲ್ಲರಿಗೂ ಇದನ್ನೇ ಹೇಳುತ್ತೇನೆ. ಆಮೇಲೆ ಯಾರೂ ಬರದಿದ್ದರೆ ಮನೆಮನೆಗೆ ಹೋಗುತ್ತೇನೆ.

ಅವಳ ಸಮಾಧಿಗೆ ಹೋಗು.

ಎಡ್ಲಾ


ಅಲ್ಟೊ ಪಲ್ಮೀರಾ
2 ಅಕ್ಟೋಬರ್ 2005

ಡಾಕ್ಟರೇ,

ನಿಮ್ಮ ಪತ್ರ ಬಂದು ತಿಂಗಳ ಮೇಲಾಯಿತು. ಓದಿದ ದಿನ ಆ ಬಾನಿಯನ್ನು ಕೊಡಲಿಯಿಂದ ಒಡೆದು ಒಲೆಗೆ ಹಾಕಿದೆ. ಆಮೇಲೆ ಸಮಾಧಿಗೆ ಹೋದೆ. ಅಷ್ಟು ದಿನ ಅವಳನ್ನು ಬೈದದ್ದಕ್ಕೆ ಅಲ್ಲಿ ಕೂತು ತುಂಬ ಹೊತ್ತು ಅತ್ತೆ. ಕಲ್ಲಿಗೆ ಹೆಸರು ಕೆತ್ತುತ್ತಿದ್ದಾರೆ.

ಮರಿಲ್ಸಾಗೆ ಮಾತ್ರ ಹೇಳಿದೆ. ಫೋಟೋ ಮತ್ತೆ ಗೋಡೆಗೆ ಬಂದಿದೆ. ಊಟ ಮಾಡುತ್ತಿದ್ದಾಳೆ.

ನೀವು ಹಾಲಿನಲ್ಲಿ ನಿಂತು ಏನೂ ಹೇಳಬೇಡಿ. ಹೇಳಿದರೆ ನಿಮ್ಮ ಮನಸ್ಸು ಹಗುರವಾಗುತ್ತದೆ, ಅವಳು ಮಾಡಿದ್ದು ನೀರುಪಾಲಾಗುತ್ತದೆ. ಟಾಬರ್ಟ್ ಅಜ್ಜಿ ಅವಳನ್ನು ಮೊಂಡಿ ಎಂದಾಗ ನಾನು ಕೇಳಿಸಿಕೊಳ್ಳುತ್ತೇನೆ, ನೀವೂ ಕೇಳಿಸಿಕೊಳ್ಳಿ. ಅದು ನಮ್ಮಿಬ್ಬರ ಪಾಲಿಗೆ ಇರಲಿ.

ತಂಡ ಬರುವ ಮುಂದಿನ ಶನಿವಾರ ನಾನೂ ಹಾಲಿಗೆ ಬರುತ್ತೇನೆ. ನನ್ನ ಕಿವಿಯನ್ನು ಆ ಮೀಸೆ ಡಾಕ್ಟರೇ ನೋಡಲಿ. ನೀವು ಮುಟ್ಟಬೇಡಿ.

ಉಳಿದವರನ್ನು ನೀವೇ ನೋಡಿ, ಅವರಿಗೆ ನಿಮ್ಮ ಮೇಲೆ ನಂಬಿಕೆಯಿದೆ. ಒಂದೇ ಒಂದು ಮಾತು ನಡೆಸಿಕೊಡಿ. ಇನ್ನು ಮುಂದೆ ನಮ್ಮೂರಿನ ಯಾವ ಹೆಂಗಸು ಕಾಲು ಚಾಚಿದರೂ, ಅವಳು ಯಾರೆಂದು ನಿಮಗೆ ಗೊತ್ತೇ ಇಲ್ಲ ಎಂದುಕೊಂಡು ನೋಡಿ.

ರೈನೋಲ್ದೊ ಬೋಲ್ಟ್